ಗುಂಡಿ ಡಬ್ಬಿಯಲ್ಲಿ ಸಿಕ್ಕ ಕ್ಯೂ

ಮೊನ್ನೆ ನನ್ನ ಬಿಳಿ ಅಂಗಿಯ ಗುಂಡಿಯೊಂದು ಕಿತ್ತು ಎಲ್ಲೋ ಹೋಯಿತು. ನಮ್ಮ ಮನೆಯಲ್ಲಿ ಗುಂಡಿ ಕಿತ್ತರೆ ಅಂಗಡಿಗೆ ಹೋಗುವ ಸಂಪ್ರದಾಯವಿಲ್ಲ, ಅವ್ವನ ಗುಂಡಿ ಡಬ್ಬಿಗೆ ಹೋಗಬೇಕು. ಹಳೆಯ ಬಿಸ್ಕೀಟಿನ ತಗಡಿನ ಡಬ್ಬಿ ಅದು. ಅಪ್ಪನ ಕೋಟಿನ ಕಂದು ಗುಂಡಿ, ನನ್ನ ಶಾಲೆಯ ಖಾಕಿ ಚಡ್ಡಿಯ ಗುಂಡಿ, ಯಾವುದೋ ಲಗ್ನದಲ್ಲಿ ಯಾರೋ ಬಿಟ್ಟುಹೋದ ಕುರ್ತಾದ ಹಿತ್ತಾಳೆ ಗುಂಡಿ, ಎಲ್ಲವೂ ಅದರಲ್ಲಿವೆ. ಬೇಕಾದ ಗುಂಡಿಯೊಂದನ್ನು ಬಿಟ್ಟು ಉಳಿದುದೆಲ್ಲ ಅಲ್ಲಿ ಸಿಗುತ್ತದೆ.

ಚಾಪೆಯ ಮೇಲೆ ಸುರುವಿಕೊಂಡು ಹುಡುಕುವಾಗ ಕೈಗೆ ಬಂದದ್ದು ಕಪ್ಪು ಚೌಕದ ಒಂದು ಗುಂಡಿ. ದಾರ ಪೋಣಿಸಲು ತೂತಿಲ್ಲ. ತಿರುವಿ ನೋಡಿದರೆ ಕೆಳಗೊಂದು ಮುರಿದ ಕಾಲು. ಮೇಲೆ ಬಿಳಿಯ ಇಂಗ್ಲಿಷ್ ಅಕ್ಷರ, ಕ್ಯೂ.

“ಅವ್ವಾ, ಇದನ್ಯಾಕ ಇದರಾಗ ಇಟ್ಟಿ?”

“ಗುಂಡಿ ಅಂದಮ್ಯಾಲೆ ಗುಂಡಿ ಡಬ್ಬಿಯೊಳಗ ಇರತೈತಿ. ಸಾಸಿವಿ ಡಬ್ಬಿಯೊಳಗ ಇಡಾಕ ಬರತೈತೇನೋ?” ಎಂದಳು. ಎಂಬತ್ತು ದಾಟಿದ ಅವ್ವನ ಮಾತಿಗೆ ಎದುರುತ್ತರ ಹುಡುಕುವುದನ್ನು ನಾನು ಬಿಟ್ಟು ಬಹಳ ದಿನವಾಯಿತು.

ಆ ಕ್ಯೂ ನಮ್ಮ ಕಂಪ್ಯೂಟರಿನ ಕೀಬೋರ್ಡಿನದು. ಅದು ಅಲ್ಲಿಂದ ಇಲ್ಲಿಗೆ ಬಂದ ಕತೆ ನೆನಪಾಗಿ ಅಂಗಿಯ ವಿಚಾರ ಹಿಂದೆ ಬಿತ್ತು. ಹೇಗೂ ನೀವು ಓದಲು ಕೂತಿದ್ದೀರಿ, ಹೇಳಿಬಿಡುತ್ತೇನೆ.

ಮೊದಲು ನಮ್ಮ ಮನೆತನದ ಒಂದು ಗುಣ ನಿಮಗೆ ಗೊತ್ತಿರಬೇಕು. ನಾವು ಕುಟ್ಟಿ ನೋಡುವವರು. ಅಪ್ಪ ಬೆಟಗೇರಿ ಸಂತೆಯಲ್ಲಿ ಮಣ್ಣಿನ ಹರವಿ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದ. ಕಲ್ಲಂಗಡಿ ಬಡಿಯುತ್ತಿದ್ದ, ತೆಂಗಿನಕಾಯಿ ಅಲ್ಲಾಡಿಸುತ್ತಿದ್ದ. ರೇಡಿಯೋ ಗೊರಗೊರ ಎಂದರೆ ನೆತ್ತಿಗೆ ಒಂದು ಕೊಡುತ್ತಿದ್ದ, ಅದು ಸುಮ್ಮನೆ ವಾರ್ತೆ ಓದುತ್ತಿತ್ತು. ಲೆಕ್ಕ ತಪ್ಪಿದಾಗ ನನ್ನ ನೆತ್ತಿಗೂ ಅದೇ ಚಿಕಿತ್ಸೆ ಆಗುತ್ತಿತ್ತು. ರೇಡಿಯೋದಷ್ಟು ಫಲ ಬರಲಿಲ್ಲವೆಂದು ಅವನು ಕೊನೆಯತನಕ ಹೇಳುತ್ತಿದ್ದ.

ಅಂಥ ಮನೆಯ ಮಗ ನಾನು ಬ್ಯಾಂಕಿನ ಕೆಲಸಕ್ಕೆ ಸೇರಿದೆ. ಶಾಖೆಗೆ ಕಂಪ್ಯೂಟರ್ ಬಂದಾಗ ತರಬೇತಿಗೆ ಹೋಗಲು ಯಾರೂ ಒಪ್ಪದ ಕಾರಣ ನನ್ನನ್ನು ಕಳಿಸಿದರು. ಅಂದಿನಿಂದ ನಿವೃತ್ತಿಯವರೆಗೆ, ಆಮೇಲೂ, ನಮ್ಮ ಓಣಿಯಲ್ಲಿ ಕಂಪ್ಯೂಟರ್ ಬಲ್ಲವನು ಎಂದರೆ ನಾನೇ. ಎರಡು ತೋರುಬೆರಳಿನಲ್ಲಿ ಟೈಪು ಮಾಡುತ್ತೇನೆ. ಕೆಳಗೆ ನೋಡಿ ಅಕ್ಷರ ಹುಡುಕುತ್ತೇನೆ, ಸಿಕ್ಕರೆ ಕುಟ್ಟುತ್ತೇನೆ, ಮೇಲೆ ನೋಡಿ ಬಿದ್ದಿದೆಯೋ ಇಲ್ಲವೋ ಖಾತ್ರಿ ಮಾಡಿಕೊಳ್ಳುತ್ತೇನೆ. ಕೋಳಿ ಕಾಳು ಹೆಕ್ಕುವುದೂ ಹೀಗೆಯೇ. ಯಾವ ಕೋಳಿಯೂ ಇದರಿಂದ ಉಪವಾಸ ಬಿದ್ದಿಲ್ಲ.

ನನ್ನ ಹೆಂಡತಿ ಗಿರಿಜಾ ಮುಂಡರಗಿಯ ಒಂದು ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿದ್ದಳು. ದಿನಾ ಬೆಟಗೇರಿಯಿಂದ ಬಸ್ಸು ಹಿಡಿದು ಹೋಗಿ ಬರುವುದು. ಕಚೇರಿಯ ಟಿಪ್ಪಣಿ ಎಲ್ಲ ಕೈಬರಹದಲ್ಲಿದ್ದ ಕಾಲದಿಂದಲೂ ಇದ್ದವಳು. ಕಂಪ್ಯೂಟರ್ ಬಂದ ಮೇಲೆ ಅದನ್ನು ಕುಟ್ಟಲು ಬೇರೆ ಹುಡುಗರು ಬಂದರು, ಇವಳು ಬರೆದು ಕೊಟ್ಟದ್ದನ್ನು ಅವರು ಕುಟ್ಟುತ್ತಿದ್ದರು. ಎಲ್ಲ ಸುಖವಾಗಿಯೇ ಇತ್ತು, ಕಂಪ್ಯೂಟರ್ ಪರೀಕ್ಷೆ ಪಾಸಾಗದವರಿಗೆ ಬಡ್ತಿಯಿಲ್ಲ ಎಂಬ ನಿಯಮ ಬರುವತನಕ.

ಅವಳ ಕೆಳಗೆ ಮಂಜುನಾಥ ಎಂಬ ಡೋಣಿ ಕಡೆಯ ಹುಡುಗನಿದ್ದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಟಿಪ್ಪಣಿ ಎಲ್ಲಿಂದ ಸುರು ಮಾಡಬೇಕೆಂದು ತಿಳಿಯದೆ ಕೂತಿದ್ದವನಿಗೆ ಬರೆಯಲು ಕಲಿಸಿದವಳು ಇವಳೇ. ಅವನು ಆ ಪರೀಕ್ಷೆಯನ್ನು ಚಾ ಕುಡಿದಷ್ಟು ಸಲೀಸಾಗಿ ಪಾಸು ಮಾಡಿ ಬಂದ. ಗಿರಿಜಾ ಒಮ್ಮೆ ಕೂತು ನಾಪಾಸಾಗಿದ್ದಳು. ಎರಡನೆಯ ಸಲವೂ ಹೋದರೆ ಮೇಲಿನ ಕುರ್ಚಿ ಅವನಿಗೆ.

“ಹುಡುಗ ಚಲೋನ ಅದಾನ್ರಿ,” ಎನ್ನುತ್ತಿದ್ದಳು. “ಆದ್ರ ಅಂವಾ ಒಳಗ ಬಂದಾಗ ನಾ ಎದ್ದು ನಿಂದ್ರಬೇಕಾಗತೈತಿ. ಅದು ನನ್ನ ಕಡಿಂದ ಆಗಂಗಿಲ್ಲ.”

ಮೊದಲ ಸಲದ ಪರೀಕ್ಷೆಗೆ ಅವಳನ್ನು ತಯಾರು ಮಾಡಿದವನು, ಬೇರೆ ಯಾರಿದ್ದಾರೆ, ನಾನೇ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, “ಕೆಳಗ ನೋಡು, ಹುಡುಕು, ಹೊಡಿ. ಗಡಿಬಿಡಿ ಮಾಡಬ್ಯಾಡ,” ಎಂದು ಹೇಳಿಕೊಟ್ಟೆ.

“ನಾ ಲಗ್ನಕ್ಕ ಮೊದಲ ಟೈಪಿಂಗ್ ಕಲ್ತೀನಲ್ರಿ,” ಎಂದು ಅವಳು ಅನುಮಾನಿಸಿದಳು.

“ಅದು ಟೈಪ್‌ರೈಟರ್, ಕಬ್ಬಿಣದ್ದು. ಇದು ಕಂಪ್ಯೂಟರ್. ಇದರ ಶಾಸ್ತ್ರನ ಬ್ಯಾರೆ,” ಎಂದೆ. ಗಂಡ ತರಬೇತಿಗೆ ಹೋಗಿ ಬಂದವನೆಂದು ಪಾಪ ನಂಬಿದಳು. ಪರೀಕ್ಷೆಯಲ್ಲಿ ಹಾಳೆ ನೋಡಿ, ಕೀಲಿ ನೋಡಿ, ಪರದೆ ನೋಡಿ, ಮತ್ತೆ ಹಾಳೆಯಲ್ಲಿ ಎಲ್ಲಿದ್ದೆನೆಂದು ಹುಡುಕುವಷ್ಟರಲ್ಲಿ ಅರ್ಧಕ್ಕೇ ವೇಳೆ ಮುಗಿಯಿತು. ಅಲ್ಲಿಯ ಕೀಬೋರ್ಡು ಸರಿಯಿರಲಿಕ್ಕಿಲ್ಲ ಎಂದು ನಾನು ಕಾರಣ ಶೋಧಿಸಿ ಕೊಟ್ಟೆ.

ಟೈಪಿಂಗಿನ ಮಾತು ಬಂತಲ್ಲ, ಹೇಳಲೇಬೇಕು. ಶಿರಹಟ್ಟಿಗೆ ನಾವು ಹೆಣ್ಣು ನೋಡಲು ಹೋದಾಗ, ಅವಲಕ್ಕಿ, ಚಾ ಎಲ್ಲ ಆದ ಮೇಲೆ ಅವ್ವ “ಏನೇನ ಬರತೈತೆವಾ?” ಎಂದು ಕೇಳಿದಳು. ರಂಗೋಲಿ, ಕಸೂತಿ ಎಂಬ ಉತ್ತರಕ್ಕೆ ನಾವು ತಯಾರಾಗಿದ್ದೆವು. ಗಿರಿಜಾ ತಲೆ ಎತ್ತದೆ “ಟೈಪಿಂಗ್ ಬರತೈತ್ರಿ,” ಎಂದಳು. ದಿನಾ ಬಸ್ಸಿನಲ್ಲಿ ಲಕ್ಷ್ಮೇಶ್ವರಕ್ಕೆ ಹೋಗಿ ಕಲಿಯುತ್ತಿದ್ದಳಂತೆ. ಆಮೇಲೆ, ಲಗ್ನವಾದ ಹೊಸತರಲ್ಲಿ, ಅಲ್ಲಿಯ ಮಾಸ್ತರರ ಸುದ್ದಿ ಹೇಳಿ ನಗಿಸುತ್ತಿದ್ದಳು. ಅವರ ಹೆಗಲ ಮೇಲೆ ಯಾವಾಗಲೂ ಒಂದು ಟವೆಲ್ಲು. ಯಾರಾದರೂ ಕೆಳಗೆ ನೋಡಿ ಹೊಡೆಯುವುದು ಕಂಡರೆ ಸದ್ದಿಲ್ಲದೆ ಹಿಂದಿನಿಂದ ಬಂದು ಆ ಟವೆಲ್ಲನ್ನು ಕೈಗಳ ಮೇಲೆ ಒಗೆದು ಹೋಗುತ್ತಿದ್ದರು. ಅದರಲ್ಲಿ ಬೆವರು, ನಶ್ಯ ಎರಡರ ವಾಸನೆಯೂ ಇರುತ್ತಿದ್ದುದರಿಂದ ಹುಡುಗಿಯರು ಬಲು ಬೇಗ ಕಲಿತರಂತೆ. ನಾನೂ ನಕ್ಕಿದ್ದೆ, ಮರೆತಿದ್ದೆ.

ಎರಡನೆಯ ಪರೀಕ್ಷೆ ದಸರೆಯ ಬನ್ನಿ ಹಬ್ಬದ ಮರುದಿನ ಬೆಳಿಗ್ಗೆ ಎಂದು ಗೊತ್ತಾಯಿತು. ಹಬ್ಬದ ಸೂಟಿಯಲ್ಲಿ ಎರಡು ದಿನ ಬಿಡದೆ ರೂಢಿ ಮಾಡುವುದೆಂದು ಗಿರಿಜಾ ನಿರ್ಧರಿಸಿದಳು. ಆದರೆ ಮೊದಲ ದಿನ ಖಂಡೇಪೂಜೆ. ನಮ್ಮಲ್ಲಿ ಅಂದು ಮನೆಯ ಹತಾರಗಳಿಗೆಲ್ಲ ಪೂಜೆ. ಅವ್ವ ಕುಡಗೋಲು, ಈಳಿಗೆ, ಹೊಲಿಗೆ ಯಂತ್ರ, ನನ್ನ ಸ್ಕೂಟರು ಎಲ್ಲ ಮುಗಿಸಿ ಕಂಪ್ಯೂಟರಿಗೆ ಬಂದಳು. ಅದರ ಸಿಪಿಯು ಡಬ್ಬವನ್ನು ಗೋಡೆಯಿಂದ ಮುಂದಕ್ಕೆಳೆದು ಚೆಂಡುಹೂವಿನ ಮಾಲೆ ಸುತ್ತಿದಳು. ಕೀಬೋರ್ಡಿನ ಅಕ್ಷರಗಳು ಮೂರು ಸಾಲಿನಲ್ಲಿರುವುದು ಅವಳಿಗೆ ಬಹಳ ಹಿಡಿಸಿತು, ಸಾಲಿಗೊಂದರಂತೆ ವಿಭೂತಿ ಎಳೆದಳು. ದೊಡ್ಡ ಕೀಲಿಗೆ ಕುಂಕುಮ, ಮೇಲೆ ಅಕ್ಷತೆ, ಪಕ್ಕದಲ್ಲೇ ತೆಂಗಿನಕಾಯಿ ಒಡೆದದ್ದು.

“ಪೂಜಿ ಆದ ಹತಾರ ಇವತ್ತ ಮುಟ್ಟಬಾರದವಾ ಗಿರಿಜಾ. ಅವಕ್ಕೂ ಒಂದಿನ ಸೂಟಿ ಬ್ಯಾಡೇನು?” ಎಂದಳು. ಹೀಗೆ ಒಂದು ದಿನ ಹೋಯಿತು.

ಬನ್ನಿಯ ದಿನ ಗಿರಿಜಾ ಸ್ನಾನ ಮುಗಿಸಿ, ಹೋಳಿಗೆಯ ಬೇಳೆ ಒಲೆಯ ಮೇಲಿಟ್ಟು, ಕಂಪ್ಯೂಟರಿನ ಮುಂದೆ ಕೂತಳು. ಒಂದಕ್ಷರವೂ ಬೀಳಲಿಲ್ಲ. ನನ್ನನ್ನು ಕರೆದಳು. ಹೊಸ ಪೆನ್ನು ಪರೀಕ್ಷಿಸುವಾಗ ಬರೆಯುವಂತೆ ಮೊದಲು “ಶ್ರೀ” ಹೊಡೆದೆ. ಬೀಳಲಿಲ್ಲ. ನನ್ನ ಹೆಸರು ಹೊಡೆದೆ. ಬೀಳಲಿಲ್ಲ. ಆಮೇಲೆ ವಂಶಪಾರಂಪರ್ಯವಾಗಿ ಬಂದ ವಿದ್ಯೆ ಪ್ರಯೋಗಿಸಿದೆ, ಕೀಬೋರ್ಡಿನ ನೆತ್ತಿಗೊಂದು ಕೊಟ್ಟೆ. ಬೋರಲು ಹಾಕಿ ಬೆನ್ನಿಗೂ ಕೊಟ್ಟೆ. ಅಕ್ಷತೆಯ ಜೊತೆಗೆ ಚುನಮುರಿ, ಹುರಿದ ಶೇಂಗಾದ ಸಿಪ್ಪೆ, ಮಿರ್ಚಿ ಭಜಿಯ ಚೂರು, ಒಣಗಿದ ಇರುವೆಗಳು ಉದುರಿದವು. ನಿವೃತ್ತನಾದ ಮೇಲೆ ನಾನು ಕಂಪ್ಯೂಟರಿನ ಮುಂದೆ ಏನು ಸಾಧಿಸಿದೆ ಎಂಬುದು ಎಲ್ಲರಿಗೂ ಒಟ್ಟಿಗೆ ಕಂಡಿತು.

ಅಷ್ಟರಲ್ಲಿ ಎದುರುಮನೆಯ ವೀರಣ್ಣ ಬನ್ನಿ ಕೊಡಲು ಬಂದ. ಹೊಲದ ಪಂಪುಗಳ ಸುಟ್ಟ ಮೋಟಾರಿಗೆ ತಂತಿ ಸುತ್ತಿಕೊಡುವುದು ಅವನ ಉದ್ಯೋಗ. “ಬನ್ನಿ ತೊಗೊಂಡು ಬಂಗಾರದಂಗ ಇರೂಣ್ರಿ,” ಎಂದು ಎಲೆ ಕೊಟ್ಟು ಕಾಲಿಗೆರಗಿದವನು ಕೀಬೋರ್ಡು ಕಂಡು ನಿಂತ. ಎತ್ತಿ ಮೂಸಿದ.

“ಟೆಂಗಿನ ನೀರ ಒಳಗ ಹೊಕ್ಕೈತ್ರಿ ಕಾಕಾ. ಮೋಟಾರ್ ಆದ್ರೂ ಅಷ್ಟ, ಕೀಬೋರ್ಡ್ ಆದ್ರೂ ಅಷ್ಟ. ಬಿಚ್ಚಬೇಕು, ತೊಳೀಬೇಕು, ಬಿಸಲಿಗೆ ಇಡಬೇಕು.”

“ದೇವರ ನೀರಿಂದ ಯಾವುದೂ ಕೆಡಂಗಿಲ್ಲಪಾ,” ಎಂದಳು ಅವ್ವ.

“ಇಬ್ಬರೂ ಸುಮ್ಮನಿರ್ರಿ. ಹೊಸಾದೊಂದು ತರಾಕ ಬರಂಗಿಲ್ಲೇನು?” ಎಂದಳು ಗಿರಿಜಾ. ಹಬ್ಬದ ದಿನ ಅಂಗಡಿ ಯಾವುದು ತೆಗೆದಿರುತ್ತದೆ? ವೀರಣ್ಣ ಕಂಪ್ಯೂಟರ್ ಅಂಗಡಿಯವನಿಗೆ ಫೋನು ಮಾಡಿದ. ಅವನು ಬನ್ನಿಗೆಂದು ಲಕ್ಷ್ಮೇಶ್ವರದಲ್ಲಿದ್ದ, ನಾಳೆ ಮಧ್ಯಾಹ್ನ ಬರುತ್ತೇನೆಂದ. ಪರೀಕ್ಷೆ ನಾಳೆ ಬೆಳಿಗ್ಗೆ. ಓಣಿಯಲ್ಲಿ ಕಂಪ್ಯೂಟರ್ ಇದ್ದ ಇನ್ನೊಂದು ಮನೆಯವರು ಬೀಗ ಹಾಕಿ ಕುರ್ತಕೋಟಿಗೆ ಹೋಗಿದ್ದರು. ಗಿರಿಜಾ ಗೋಡೆಯ ಗಡಿಯಾರ ನೋಡಿ, ಒಳಗೆ ಹೋಗಿ ಹೂರಣ ರುಬ್ಬತೊಡಗಿದಳು. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ನಾನೂ ವೀರಣ್ಣನೂ ಚಮಚದ ಹಿಂಬದಿಯಿಂದ ಕೀಲಿಗಳನ್ನು ಎಬ್ಬಿಸಿದೆವು. ದೊಡ್ಡವು ಬರಲಿಲ್ಲ, ಅಕ್ಷರದವು ಮಾತ್ರ ಹಲ್ಲು ಕಿತ್ತಂತೆ ಒಂದೊಂದಾಗಿ ಬಂದವು. ಸ್ಟೀಲಿನ ಬೋಗುಣಿಯಲ್ಲಿ ಸೋಪಿನ ನೀರು ಹಾಕಿ ತೊಳೆದು, ಮಾಳಿಗೆಯ ಮೇಲೆ ಹೊಸ ಶೇಂಗಾ ಒಣಹಾಕಿದ್ದರ ಪಕ್ಕದಲ್ಲೇ ಹಳೆಯ ಧೋತರ ಹಾಸಿ ಹರವಿದೆವು. ಕೀಬೋರ್ಡಿನ ಬೋಳು ಮೈಯನ್ನೂ ಬಿಸಿಲಿಗೆ ಒರಗಿಸಿದೆವು. ಅಳಿಲು ಬಾರದಂತೆ ಕಾಯಲು ಅವ್ವನನ್ನು ಕೂಡಿಸಿ, ನಾನು ಕೆಳಗೆ ಬಂದು ತುಪ್ಪದಲ್ಲಿ ಮುಳುಗಿಸಿದ ಹೋಳಿಗೆ ಉಂಡೆ. ಉಂಡ ಮೇಲೆ ಏನಾಯಿತೆಂದು ಹೋಳಿಗೆ ಉಂಡವರಿಗೆ ಹೇಳಬೇಕಾಗಿಲ್ಲ. ಹೊತ್ತು ಇಳಿಯುವಾಗ ಎಚ್ಚರವಾಯಿತು.

ಮೇಜಿನ ಮೇಲೆ ಕೀಬೋರ್ಡು ಸಿದ್ಧವಾಗಿತ್ತು. ಎಲ್ಲ ಕೀಲಿಗಳೂ ಕೂತಿದ್ದವು, ಮಿರಿಮಿರಿ ಮಿಂಚುತ್ತಿದ್ದವು. ಮೊದಲ ಸಾಲು ಎ, ಬಿ, ಸಿ, ಡಿ. ಎರಡನೆಯ ಸಾಲು ಕೆ ಇಂದ ಎಸ್‌ವರೆಗೆ. ಮೂರನೆಯದು ಟಿ ಇಂದ ಝಡ್. ಎಂದೋ ನಮ್ಮ ಮಗಳಿಗೆ ಪಾಟಿಯ ಮೇಲೆ ತಿದ್ದಿಸಿದ ಇಂಗ್ಲಿಷನ್ನು ಅವ್ವ ಒಂದಕ್ಷರ ಬಿಡದೆ ನೆನಪಿಟ್ಟಿದ್ದಳು.

“ನೀ ಮಲಗಿದ್ದಿ, ಆಕಿ ಬಂದವ್ರಿಗೆ ಬಡಸಾಕತ್ತಿದ್ಲು. ನಾನ ಹಚ್ಚಿದೆ,” ಎಂದಳು. “ಮೊದಲ ಯಾರೋ ಚೆಲ್ಲಾಪಿಲ್ಲಿ ಹಚ್ಚಿದ್ರು. ಈಗ ಸಾಲಿಗೆ ಸರಿಯಾಗಿ ಅದಾವು ನೋಡು. ಹುಡುಕಾಕ ಹಗುರ ಆಗತೈತಿ.”

ಈ ತರ್ಕವನ್ನು ಹೇಗೆ ಖಂಡಿಸುತ್ತೀರಿ? ಫೋನಿನಲ್ಲಿ ಸರಿಯಾದ ಕೀಬೋರ್ಡಿನ ಚಿತ್ರ ಹುಡುಕಿ ಸದ್ದಿಲ್ಲದೆ ಸರಿಪಡಿಸಲು ಕೂತೆ. ಆದರೆ ಅವ್ವ ಅವನ್ನು ಕೈಯಿಂದ ಒತ್ತಿ ಸುಮ್ಮನಾಗಿರಲಿಲ್ಲ, ಮೇಲೆ ಹೋಳಿಗೆಯ ಲಟ್ಟಣಿಗೆ ಹಾಯಿಸಿದ್ದಳು. ಮೊದಲು ಕೈ ಹಾಕಿದ್ದು ನಡುವಿನ ಸಾಲಿನ ಕ್ಯೂಗೆ. ಚಮಚದಿಂದ ಎಬ್ಬಿಸಿದೆ, ಟಕ್ ಎಂದಿತು. ಕ್ಯೂ ನನ್ನ ಕೈಯಲ್ಲಿ, ಅದರ ಕಾಲು ಒಳಗೆ. ಆ ಜಾಗದಲ್ಲಿ ಒಂದು ಬೋಳು ಮೊಳೆ ಮಾತ್ರ ಉಳಿಯಿತು.

ಆಗಲೇ ಗಿರಿಜಾ ಬಂದಳು. ಬನ್ನಿ ಕೊಡುವವರೆಲ್ಲ ಬಂದು ಹೋಗಿದ್ದರು. ಕೀಬೋರ್ಡು ನೋಡಿದಳು, ಚಮಚ ನೋಡಿದಳು, ನನ್ನನ್ನು ನೋಡಿದಳು.

“ಇನ್ನೊಂದು ಮುಟ್ಟಬ್ಯಾಡ್ರಿ,” ಎಂದಳು. ಬಹಳ ಮೆಲ್ಲಗೆ ಹೇಳಿದ್ದರಿಂದ ನಾನು ಎದ್ದು ನಿಂತೆ.

ಬಾಡಿದ ಮಾಲೆ ತೆಗೆಯಲು ಡಬ್ಬದ ಹಿಂದೆ ಬಗ್ಗಿದವಳು ಅಲ್ಲೇ ನಿಂತಳು. ಮಾಳಿಗೆಗೆ ಒಯ್ಯುವಾಗ ಕೀಬೋರ್ಡಿನ ವೈರು ಬಿಚ್ಚಿದವರು ಯಾರು ಎಂದು ಕೇಳಿದಳು. ನಾನಲ್ಲ ಎಂದೆ, ವೀರಣ್ಣನೂ ಬಿಚ್ಚಿದ್ದು ನೋಡಲಿಲ್ಲ ಎಂದೆ. ಹೇಳುತ್ತ ಹೇಳುತ್ತ ನನಗೇ ಬೆಳಕಾಯಿತು. ಬಿಚ್ಚುವ ಪ್ರಶ್ನೆಯೇ ಬಂದಿರಲಿಲ್ಲ, ಏಕೆಂದರೆ ವೈರು ಮೊದಲೇ ಹೊರಗೆ ಬಿದ್ದಿತ್ತು. ಮಾಲೆ ಸುತ್ತಲು ಅವ್ವ ಡಬ್ಬ ಎಳೆದಾಗ ಕಿತ್ತದ್ದು. ಎತ್ತು ಕೊಳ್ಳುವಾಗ ಹಲ್ಲೂ ನೋಡುತ್ತೇವೆ, ಬಾಲವೂ ನೋಡುತ್ತೇವೆ. ಇದರ ಹಲ್ಲೆಲ್ಲ ಕಿತ್ತು ತೊಳೆದೆವು, ಬಾಲ ಎಲ್ಲಿದೆಯೆಂದು ನಾನೂ ನೋಡಲಿಲ್ಲ, ವೀರಣ್ಣನೂ ನೋಡಲಿಲ್ಲ.

ಗಿರಿಜಾ ವೈರು ಚುಚ್ಚಿದಳು. ಕೀಬೋರ್ಡಿನ ದೀಪ ಹತ್ತಿತು. ಕೂತು, ನಾನು ಕಲಿಸಿದ ಹಾಗೆಯೇ ಕೆಳಗೆ ನೋಡಿ ಹುಡುಕಿ “ಗದಗ” ಎಂದು ಹೊಡೆದಳು. ಪರದೆಯ ಮೇಲೆ “ಉರು” ಎಂದು ಬಿತ್ತು. ಮತ್ತೊಮ್ಮೆ ಹೊಡೆದಳು. ಮತ್ತೆ “ಉರು”. ಮೇಲಿನ ಟೋಪಿಗಳು ಬದಲಾಗಿದ್ದವು, ಒಳಗಿನ ಅಕ್ಷರಗಳು ಹಳೆಯ ಜಾಗದಲ್ಲೇ ಇದ್ದವು. ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

“ಎರಡ ದಿನ ಇತ್ತು,” ಎಂದಳು. “ಎರಡ ದಿನ ಸಾಕಾಗತಿತ್ರಿ ನನಗ.”

ಅವಳ ಕಣ್ಣು ತುಂಬಿದ್ದವು. ಅವ್ವ ಬಾಗಿಲಲ್ಲಿ ನಿಂತಿದ್ದಳು, ಮುಖ ಸಣ್ಣದಾಗಿತ್ತು. “ನಾ ಏನರ ತಪ್ಪ ಮಾಡಿದ್ನೇನವಾ?” ಎಂದು ಕೇಳಿದಳು. “ಇಲ್ಲ ಬಿಡ್ರಿ ಅತ್ತಿ,” ಎಂದಳು ಗಿರಿಜಾ. ನನಗೆ ನಿಜವಾಗಿ ನಾಚಿಕೆಯಾದದ್ದು ಆಗ.

ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೆರಗು ಇಳಿದು ಕೀಬೋರ್ಡಿನ ಮೇಲೆ ಬಿತ್ತು. ತೆಗೆಯಲು ಹೋದವಳು ತೆಗೆಯಲಿಲ್ಲ. ಆಮೇಲೆ ಎರಡೂ ಕೈಗಳನ್ನು ಸೆರಗಿನ ಕೆಳಗೆ ತೂರಿಸಿದಳು. ಬೆರಳುಗಳು ಒಳಗೆ ಏನನ್ನೋ ತಡವುತ್ತಿದ್ದವು. ಬಲಗೈಯ ತೋರುಬೆರಳು ಒಂದು ಕಡೆ ನಿಂತಿತು, ಆ ಬೋಳು ಮೊಳೆಯ ಮೇಲೆ.

“ಇಲ್ಲೇ,” ಎಂದಳು. “ಈ ಬೆರಳಿನ ಮನಿ ಇದು.”

ಮುಖ ಎತ್ತಿ ಪರದೆ ನೋಡಿದಳು. ಮೊದಲು ನಿಧಾನವಾಗಿ ಒಂದೊಂದು. ಆಮೇಲೆ ನಮ್ಮ ಮನೆಯಲ್ಲಿ ನಾನು ಎಂದೂ ಕೇಳದ ಸದ್ದು ಸುರುವಾಯಿತು. ಹತ್ತೂ ಬೆರಳು ಓಡುವ ಸದ್ದು ಅದು. ಪಕ್ಕದಲ್ಲಿದ್ದ ಪತ್ರಿಕೆಯ ಸುದ್ದಿಯೊಂದು ಸಾಲು ಸಾಲಾಗಿ ಪರದೆಯ ಮೇಲೆ ಬಂತು. ಅವ್ವ ಹತ್ತಿರ ಬಂದು ಬಗ್ಗಿ ನೋಡಿದಳು.

“ನಾ ಹಚ್ಚಿದ್ದು ಸರಿನ ಐತಲ್ಲ ಮತ್ತ,” ಎಂದಳು.

ಗಿರಿಜಾ ಬೆರಳು ನಿಲ್ಲಿಸದೆಯೇ, “ಕೆಳಗ ನೋಡಿದ್ರ ಬರಂಗಿಲ್ಲ, ನೋಡಲಿಲ್ಲಂದ್ರ ಬರತೈತಿ. ಹೋದ ಸಲ ನೋಡು ನೋಡು ಅಂತ ಕಲಿಸಿದಾವ್ರು ಯಾರ್ರಿ?” ಎಂದಳು. ಮಾಳಿಗೆಯ ಮೇಲೆ ಶೇಂಗಾ ಹಾಗೇ ಉಳಿದದ್ದು ನೆನಪಾಗಿ ನಾನು ಮೇಲೆ ಹೋದೆ.

ಮರುದಿನ ಪರೀಕ್ಷೆ ಮುಗಿಸಿ ಬಂದವಳು ಚಪ್ಪಲಿ ಬಿಡುವ ಮೊದಲೇ ನಗತೊಡಗಿದಳು. ಅಲ್ಲಿ ಕೀಲಿಗಳೆಲ್ಲ ಸರಿಯಾಗಿಯೇ ಇದ್ದವಂತೆ. ಆದರೂ ಕಣ್ಣು ಕೆಳಗೆ ಹೋಗಬಾರದೆಂದು ಸೆರಗು ಹೊದಿಸಿ ಹೊಡೆಯುತ್ತಿದ್ದಳು. ಮೇಲ್ವಿಚಾರಣೆಯ ಮೇಡಂಗೆ ಸಂಶಯ ಬಂದು, ಹತ್ತಿರ ನಿಂತು ಸೆರಗಿನ ಕೆಳಗೆ ಏನಿದೆ ಎಂದು ಕೇಳಿದರಂತೆ.

“ನೀ ಏನಂದಿ?”

“ಎತ್ತಿ ತೋರಿಸಿದೆ. ನನ್ನ ಕೈ ಅದಾವ್ರಿ, ಮತ್ತೇನಿಲ್ಲ ಅಂದೆ.”

ಪಾಸಾದಳು. ಬಡ್ತಿಯ ಆದೇಶ ಬಂದ ದಿನ ಅವಳು ಒಳಗೆ ಹೋದಾಗ ಮಂಜುನಾಥ ಎದ್ದು ನಿಂತನಂತೆ. “ಕುಂಡ್ರೋ ಮಾರಾಯಾ, ಏಳಬ್ಯಾಡ,” ಎಂದಳಂತೆ. ಇದನ್ನು ನನಗೆ ಹೇಳುವಾಗ ಅವಳು ಹೆಸರುಕಾಳು ಆರಿಸುತ್ತಿದ್ದಳು, ಹರಳು ಆರಿಸಿದ ಕಾಳಿನಲ್ಲೇ ಮತ್ತೆ ಮತ್ತೆ ಹರಳು ಹುಡುಕುತ್ತಿದ್ದಳು.

ಲಕ್ಷ್ಮೇಶ್ವರದಿಂದ ಮರಳಿದ ಅಂಗಡಿಯವನು ಬಂದು ಕೀಬೋರ್ಡು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಐದು ನಿಮಿಷದಲ್ಲಿ ಸರಿ ಮಾಡಿಕೊಡುತ್ತೇನೆಂದ. ಗಿರಿಜಾ ಬೇಡವೆಂದಳು. “ನಮ್ಮ ಅತ್ತಿ ಹಚ್ಚಿದ್ದು ಹಂಗ ಇರ್ಲಿ. ನನಗ ಏನೂ ತ್ರಾಸಿಲ್ಲ. ಇವರು ಕಲೀಲಿ.”

ಹಾಗಾಗಿ ಇವತ್ತಿಗೂ ನಮ್ಮದು ಅವ್ವನ ಕೀಬೋರ್ಡು. ಗಿರಿಜಾ ಕೆಲಸಕ್ಕೆ ಹೋಗುವ ಮುನ್ನ ನನ್ನ ಕೈಗಳ ಮೇಲೆ ಒಂದು ಟವೆಲ್ಲು ಒಗೆದು ಹೋಗುತ್ತಾಳೆ. ನಶ್ಯದ ವಾಸನೆಯಿಲ್ಲ, ಅದೊಂದು ಪುಣ್ಯ. ಅಂಗಿಗೆ ಬೇಕಾದ ಗುಂಡಿ ಸಿಗಲಿಲ್ಲ, ಎದೆ ತೆರೆದುಕೊಂಡೇ ಕೂತು ಇದನ್ನು ಹೊಡೆಯುತ್ತಿದ್ದೇನೆ. ತೋರುಬೆರಳು ಬೋಳು ಮೊಳೆಯ ಮೇಲಿದೆ ಎಂದುಕೊಂಡಿದ್ದೇನೆ. ಏನು ಬಿದ್ದಿದೆಯೋ, ಅವಳು ಮುಂಡರಗಿಯಿಂದ ಬಂದು ಹೇಳಬೇಕು.